ನೆಲಮಾಳಿಗೆ ವಾರ್ಡಿನ ಒಂದು ಪುಟ

ಒಂಬತ್ತು ವರ್ಷ ರಘೂತ್ತಮ ಆ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದ. ಅದರ ಗೋಡೆಯ ಮೇಲೆ ಏನಿದೆ ಅಂತ ಒಮ್ಮೆಯೂ ನೋಡಿರಲಿಲ್ಲ. ನೋಡೋಣವೆಂದರೂ ಗೋಡೆ ಕಾಣುತ್ತಿರಲಿಲ್ಲ ಅನ್ನುವುದೂ ನಿಜವೇ. ಡಲ್ಲಾಸಿನ ಎಲ್ಮ್ ಫೋರ್ಕ್ ಸಾರ್ವಜನಿಕ ಆಸ್ಪತ್ರೆಯ ನೆಲಮಾಳಿಗೆ ಅದು. ರೋಗಿಗಳ ಫೈಲುಗಳನ್ನು ತುಂಬಿದ ಕಬ್ಬಿಣದ ರ‍್ಯಾಕುಗಳು ನೆಲದಿಂದ ಛಾವಣಿಯವರೆಗೆ ನಾಲ್ಕೂ ಕಡೆ ನಿಂತಿದ್ದವು. ತಲೆಯ ಮೇಲೆ ದಪ್ಪ ದಪ್ಪ ಪೈಪುಗಳು. ಮೇಲಿನ ಮಹಡಿಯಲ್ಲಿ ಯಾರಾದರೂ ನೀರು ಬಿಟ್ಟರೆ ಹಸಿದ ಹೊಟ್ಟೆಯ ಹಾಗೆ ಗುಡುಗುಡು ಅನ್ನುತ್ತಿದ್ದವು.

2003ರ ಬೇಸಿಗೆಯಲ್ಲಿ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋಗುವ ಕಾಲ ಬಂತು. ಪಕ್ಕದಲ್ಲೇ ಒಂಬತ್ತು ಮಹಡಿಯ ಹೊಸ ಕಟ್ಟಡ ಎದ್ದು ನಿಂತಿತ್ತು. ಕೂಲಿಯವರು ಬಂದು ರ‍್ಯಾಕುಗಳನ್ನು ಎಳೆದು ಸರಿಸಿದಾಗ ಹಿಂದಿನ ಗೋಡೆಯಲ್ಲಿ ಕಪ್ಪು ಬಣ್ಣದಲ್ಲಿ ಬರೆದ ಅಂಕಿಗಳು ಕಾಣಿಸಿದವು. ಒಂದರಿಂದ ಹದಿನಾಲ್ಕರವರೆಗೆ, ಒಂದೊಂದೂ ಸೊಂಟದ ಎತ್ತರಕ್ಕೆ, ನಡುವೆ ಒಂದೊಂದು ಮಾರು ಅಂತರ.

"ಮಂಚದ ನಂಬರು," ಅಂದ, ಆಸ್ಪತ್ರೆಯ ಪೈಪು ರಿಪೇರಿ ಮಾಡುವ ಮುದುಕ. "ಕಪ್ಪು ಜನರ ವಾರ್ಡು ಇಲ್ಲೇ ಇತ್ತು. ಗೊತ್ತಿರಲಿಲ್ಲವಾ ನಿಮಗೆ?"

ರಘೂತ್ತಮನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದಕ್ಕೇ ಅವನಿಗೆ ನಾಚಿಕೆಯಾಯಿತು. ಯಾಕೆಂದರೆ ಆ ಆಸ್ಪತ್ರೆಯ ಚರಿತ್ರೆ ಬರೆಯುವ ಕೆಲಸ ಆಗಲೇ ಅವನ ಹೆಗಲೇರಿ ಎರಡು ತಿಂಗಳಾಗಿತ್ತು.

ಅವನು ಹುಬ್ಬಳ್ಳಿಯವನು. ಹಗಲು ಬಸ್ ಡಿಪೋದಲ್ಲಿ ಗುಮಾಸ್ತಗಿರಿ, ಸಂಜೆ ಕಾಲೇಜಿನಲ್ಲಿ ಇತಿಹಾಸದ ಬಿ.ಎ. ಸೆಕೆಂಡ್ ಕ್ಲಾಸು. ಹೆಂಡತಿ ಪ್ರಭಾ ಮೈಸೂರಿನವಳು, ಎಂಜಿನಿಯರು. 1993ರಲ್ಲಿ ಅವಳಿಗೆ ಇಲ್ಲಿ ಕೆಲಸ ಸಿಕ್ಕಾಗ ಅವನೂ ಹಿಂದೆಯೇ ಬಂದ. ಬಸ್ ಡಿಪೋದ ಗುಮಾಸ್ತನಿಗೆ ಅಮೆರಿಕದಲ್ಲಿ ಏನು ಕೆಲಸ? ಇಲ್ಲೂ ಒಂದು ಕಾಲೇಜಿನ ಸಂಜೆ ಕ್ಲಾಸಿಗೆ ಸೇರಿ ಆಸ್ಪತ್ರೆಯ ದಾಖಲೆ ಇಡುವುದನ್ನು ಕಲಿತ. ಹೀಗೆ ಎರಡೂ ದೇಶದಲ್ಲಿ ಅವನ ವಿದ್ಯೆ ಸಂಜೆ ಆರರ ಮೇಲಿನದೇ. ತಾವು ಮನೆ ಮಾಡಿದ್ದ ಡಲ್ಲಾಸಿನ ಉಪನಗರ ಕಾಪೆಲ್‌ನಲ್ಲಿ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಸೇರಿದಾಗ "ನೀವೆಲ್ಲಿ ಕೆಲಸ ಮಾಡೋದು?" ಅಂತ ಯಾರಾದರೂ ಕೇಳಿದರೆ "ಹಾಸ್ಪಿಟಲ್‌ನಲ್ಲಿ" ಅಂದು ತಟ್ಟೆ ನೋಡುತ್ತಿದ್ದ. "ಯಾವ ಸ್ಪೆಷಾಲಿಟಿ, ಡಾಕ್ಟ್ರೇ?" ಅಂತ ಅವರು ಮುಂದುವರಿದರೆ ಪ್ರಭಾಳೇ ನಕ್ಕು, "ಅವರದ್ದು ಪೇಪರ್ ಸ್ಪೆಷಾಲಿಟಿ" ಅಂದು ಮಾತು ಮುಗಿಸುತ್ತಿದ್ದಳು.

ಚರಿತ್ರೆ ಬರೆಯುವ ಕೆಲಸ ಬಂದದ್ದೂ ಅವನ ಅಂಜುಬುರುಕ ಸ್ವಭಾವದಿಂದಲೇ. ಆಸ್ಪತ್ರೆಯವರು ಹಂಚಿದ ಕ್ಯಾಲೆಂಡರಿನಲ್ಲಿ ಸ್ಥಾಪನೆಯ ವರ್ಷ 1936 ಅಂತ ಅಚ್ಚಾಗಿತ್ತು. ಹಳೆಯ ಫೈಲು ನೋಡಿದ್ದ ಅವನಿಗೆ ಅದು 1938 ಅಂತ ಗೊತ್ತಿತ್ತು. ಹೇಳಲೋ ಬೇಡವೋ ಅಂತ ಮೂರು ವಾರ ಒದ್ದಾಡಿ, ಕೊನೆಗೆ ಕ್ಷಮೆ ಕೇಳುವ ಧಾಟಿಯಲ್ಲಿ ಎರಡು ಪುಟದ ಪತ್ರ ಬರೆದ. ಪ್ರಚಾರ ವಿಭಾಗದ ಮುಖ್ಯಸ್ಥೆ ಕ್ಯಾರಲ್ ಅವನನ್ನು ಕರೆಸಿ, "ಹೊಸ ಕಟ್ಟಡದ ಉದ್ಘಾಟನೆ ಅಕ್ಟೋಬರಿನಲ್ಲಿ. ನಲವತ್ತು ಪುಟದ ಪುಸ್ತಿಕೆ ಬೇಕು. ನೀವೇ ಬರೆಯಿರಿ," ಅಂದಳು. ಅವಳು ಒಮ್ಮೆ ಅವನ ಮನೆಗೂ ಬಂದು, ಚಹಾ ಕುಡಿದು, ಫೋಟೋಗಳನ್ನು ಆರಿಸಿ ಹೋಗಿದ್ದಳು.

ಅಲ್ಲಿಂದ ಅವನ ಬದುಕಿಗೆ ಹೊಸ ಕಳೆ ಬಂತು. 1938ರಲ್ಲಿ ಊರಿನ ಜನ ತಮ್ಮ ತೆರಿಗೆ ತಾವೇ ಹೆಚ್ಚಿಸಿಕೊಳ್ಳಲು ಮತ ಹಾಕಿ ಅರವತ್ತು ಮಂಚದ ಕೆಂಪು ಇಟ್ಟಿಗೆಯ ಆಸ್ಪತ್ರೆ ಕಟ್ಟಿದ್ದು. ಪೋಲಿಯೋ ವರ್ಷಗಳಲ್ಲಿ ವರಾಂಡದಲ್ಲೂ ಮಕ್ಕಳನ್ನು ಮಲಗಿಸಿದ್ದು. ಸುಟ್ಟಗಾಯದ ವಿಭಾಗ ಬಂದದ್ದು. ಆಮೇಲೆ ಬಡವರ ಬೀದಿಗಳಲ್ಲೇ ಎಂಟು ಸಣ್ಣ ಕ್ಲಿನಿಕ್ಕುಗಳು ತೆರೆದದ್ದು. ಒಂದೊಂದು ತಾರೀಖನ್ನೂ ಮೂರು ಸಲ ತಾಳೆ ನೋಡುತ್ತಿದ್ದ. ರಜೆ ಹಾಕಿ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ರಾಜ್ಯದ ದಾಖಲೆಗಳ ಕಚೇರಿಯಲ್ಲಿ ಎರಡು ದಿನ ಕೂತು ಹಳೆಯ ವಾರ್ಷಿಕ ವರದಿಗಳನ್ನು ಓದಿದ. ಪ್ರತಿ ವರದಿಯಲ್ಲೂ "ಮಂಚಗಳು: 60 ಮತ್ತು 14" ಅಂತ ಇತ್ತು. ಆ ಹದಿನಾಲ್ಕು ಏನೆಂಬ ವಿವರಣೆ ಎಲ್ಲೂ ಇರಲಿಲ್ಲ. ಈಗ ಗೋಡೆ ಅದನ್ನು ಹೇಳಿತ್ತು.

ನೆಲಮಾಳಿಗೆಯ ವಾರ್ಡಿನ ಬಗ್ಗೆಯೂ ಬರೆಯುತ್ತೇನೆ ಅಂದಾಗ ಕ್ಯಾರಲ್ ಮುಖ ಸಣ್ಣದು ಮಾಡಿದಳು. "ಇದು ಸಂಭ್ರಮದ ಪುಸ್ತಿಕೆ. ಇಂಥ ಬೇಸರದ ಸಂಗತಿ ಯಾಕೆ?"

"ಚರಿತ್ರೆಯಲ್ಲಿ ಬೇಕಾದ್ದನ್ನು ಇಟ್ಟು ಬೇಡದ್ದನ್ನು ಬಿಡುವ ಹಾಗಿಲ್ಲ," ಅಂದ ರಘೂತ್ತಮ. ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ. ಬಾಸಿಗೆ ಎದುರು ಮಾತಾಡಿದ್ದು ಜೀವನದಲ್ಲಿ ಅದೇ ಮೊದಲು.

ಕ್ಯಾರಲ್ ಸ್ವಲ್ಪ ಯೋಚಿಸಿ, "ಗೋಡೆಯ ಮೇಲಿನ ನಂಬರು ಸಾಕ್ಷಿ ಆಗುವುದಿಲ್ಲ. ಅಲ್ಲಿ ಕೆಲಸ ಮಾಡಿದವರು ಯಾರಾದರೂ ಬದುಕಿದ್ದು, ತಮ್ಮ ಬಾಯಲ್ಲೇ ಹೇಳಿ, ಒಪ್ಪಿಗೆಗೆ ಸಹಿ ಹಾಕಿದರೆ ಒಂದು ಪುಟ ಕೊಡುತ್ತೇನೆ. ಸೆಪ್ಟೆಂಬರ್ ಹನ್ನೆರಡರ ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೆ. ಅಷ್ಟರೊಳಗೆ ತನ್ನಿ," ಅಂದಳು.

ಅವತ್ತು ಸಂಜೆ ಮನೆಯಲ್ಲಿ ಇದನ್ನು ನಾಲ್ಕು ಸಲ ಹೇಳಿದ. "ಏನ್ರೀ ಇತಿಹಾಸಕಾರರೇ," ಅಂದಳು ಪ್ರಭಾ, ಒಗೆದ ಬಟ್ಟೆ ಮಡಿಸುತ್ತ, "ಐದನೇ ಸಲ ಹೇಳೋಕ್ ಮುಂಚೆ ಈ ಶೀಟ್ ಆ ಕಡೆ ಹಿಡ್ಕೊಳ್ಳಿ." ತಮಾಷೆ ಮಾಡಿದರೂ ಅವಳಿಗೆ ಹೆಮ್ಮೆ ಇತ್ತು. ಅದು ಅವನಿಗೆ ಕಾಣಿಸಿತು. ಹದಿನೈದು ವರ್ಷದ ಮಗಳು ಇಂಚರಾ ಕೂಡ ಕಂಪ್ಯೂಟರಿನಿಂದ ತಲೆಯೆತ್ತಿ "ಗುಡ್ ಫಾರ್ ಯು, ಡ್ಯಾಡ್," ಅಂದಳು.

ಹಳೆಯ ನೌಕರರ ಪಟ್ಟಿ ಹಿಡಿದು ಇಪ್ಪತ್ತಾರು ಮನೆಗೆ ಫೋನು ಮಾಡಿದ ಮೇಲೆ ಒಬ್ಬರು ಸಿಕ್ಕರು. ವರ್ನೆಲ್ ಗಿಲ್‌ಮೋರ್ ಅಂತ ಹೆಸರು, ಎಪ್ಪತ್ತೆರಡು ವಯಸ್ಸು. 1951ರಿಂದ ನಲವತ್ತಮೂರು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವರು. ಎಲ್ಲರೂ ಅವರನ್ನು ಮಿಸ್ ವರ್ನೆಲ್ ಅನ್ನುತ್ತಿದ್ದರು. ಈಗ ಹ್ಯೂಸ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದರು. ಆಗಸ್ಟ್ ಕೊನೆಯ ಭಾನುವಾರ ಸೋದರ ಸೊಸೆಯ ಚರ್ಚಿಗೆ ಡಲ್ಲಾಸಿಗೆ ಬರುವುದಿತ್ತು. ಭಾನುವಾರ ಆಫೀಸಿಗೆ ಬೀಗ. ಹಾಗಾಗಿ ಮಧ್ಯಾಹ್ನ ಚರ್ಚಿನ ಮುಂದಿನಿಂದ ಅವರನ್ನು ಕಾರಿನಲ್ಲಿ ಕರೆದುಕೊಂಡು ಕಾಪೆಲ್‌ನ ತನ್ನ ಮನೆಗೇ ಬಂದ. ಪ್ರಭಾ ಇಂಚರಾಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡಲು ಹೋಗಿದ್ದಳು. ಮನೆಯಲ್ಲಿದ್ದವರು ಅವನ ತಾಯಿ ಸೀತಾಬಾಯಿ ಒಬ್ಬರೇ.

ಸೀತಾಬಾಯಿಯವರ ವಿಷಯ ಇಲ್ಲಿ ಹೇಳಬೇಕು. ಅವರು ಮೂರು ವರ್ಷದ ಹಿಂದೆ ಬಂದು ಮಗನ ಜೊತೆ ನೆಲೆಸಿದವರು. ಮಡಿ ಮೈಲಿಗೆಯವರು. ಬಂದ ಹೊಸದರಲ್ಲಿ ನಲ್ಲಿ ರಿಪೇರಿಯವನಿಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟದ್ದನ್ನು ಕಂಡು ಎರಡು ದಿನ ಮುಖ ಗಂಟಿಕ್ಕಿದ್ದರು. ಆಗ ರಘೂತ್ತಮನೇ ಅಂಗಡಿಗೆ ಹೋಗಿ ಬಿಳೀ ಥರ್ಮಾಕೋಲ್ ಕಪ್ಪುಗಳ ದೊಡ್ಡ ಕಟ್ಟು ತಂದು ಗ್ಯಾರೇಜಿನಲ್ಲಿಟ್ಟ. ಅಲ್ಲಿಂದ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಪದ್ಧತಿ ಬೆಳೆಯಿತು. ಮನೆಯವರಿಗೆ, ನಮ್ಮವರಿಗೆ ಸ್ಟೀಲ್ ಲೋಟ. ನಲ್ಲಿಯವನಿಗೆ, ಹುಲ್ಲು ಕತ್ತರಿಸುವವನಿಗೆ, ಸಾಮಾನು ಹೊರುವವರಿಗೆ ಗ್ಯಾರೇಜಿನ ಕಪ್ಪು. ಕ್ಯಾರಲ್ ಬಂದ ದಿನ ಮಾತ್ರ ಪ್ರಭಾ ಶೋಕೇಸಿನಿಂದ ಚಿನ್ನದ ಗೆರೆಯ ಪಿಂಗಾಣಿ ಕಪ್ಪು ಬಸಿ ಇಳಿಸಿದ್ದಳು. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಅಂತ ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಕೇಳಿದ್ದರೆ "ತೊಳೆಯೋ ಕೆಲಸ ಕಮ್ಮಿ" ಅನ್ನುತ್ತಿದ್ದರೋ ಏನೋ.

ಮಿಸ್ ವರ್ನೆಲ್ ನೇರಳೆ ಬಣ್ಣದ ಚರ್ಚ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂತರು. ಸೀತಾಬಾಯಿ ಎದುರಿನ ಕುರ್ಚಿಯಲ್ಲಿ ಕೂತು ಅವರನ್ನೇ ನೋಡತೊಡಗಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. "ಆಕಿ ಕೈ ನೋಡೋ ರಘ್ಯಾ," ಅಂದರು ಸೀತಾಬಾಯಿ, "ನನ್ನಂಗ ಗಿಣ್ಣು ಗಿಣ್ಣಿಗೆ ಗಂಟ ಕಟ್ಟ್ಯಾವ. ಪಾಪ, ಭಾಳ ದುಡದಾಳ." ರಘೂತ್ತಮ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಸೀತಾಬಾಯಿ ಎದ್ದು ಒಳಗೆ ಹೋದರು.

ಮಿಸ್ ವರ್ನೆಲ್ ಚೆನ್ನಾಗಿ ಹೇಳಿದರು. ಹದಿನಾಲ್ಕು ಮಂಚ, ಒಂದೇ ಕಕ್ಕಸು, ಬಾಯ್ಲರಿನ ಸೆಕೆ. ಹೆರಿಗೆಗೆ ಬಂದವಳೂ ಕ್ಷಯದವನೂ ಅಕ್ಕಪಕ್ಕ. ಪರದೆಯ ಬದಲು ಬೆಡ್‌ಶೀಟು ಕಟ್ಟುತ್ತಿದ್ದದ್ದು. ಡಾಕ್ಟರು ಮೇಲಿನ ಅರವತ್ತು ಮಂಚ ಮುಗಿಸಿ, ಸಮಯ ಉಳಿದರೆ ಕೆಳಗೆ ಬರುತ್ತಿದ್ದದ್ದು.

ಇಷ್ಟು ಆಗಿತ್ತು, ಅಷ್ಟರಲ್ಲಿ ಸೀತಾಬಾಯಿ ಚಹಾ ತಂದರು. ತಮ್ಮದೇ ಸ್ಟೀಲ್ ಲೋಟದಲ್ಲಿ, ಸೆರಗಿನಿಂದ ಹಿಡಿದುಕೊಂಡು. ರಘೂತ್ತಮ ಕಾಗದದಿಂದ ತಲೆ ಎತ್ತಿದವನೇ ಕನ್ನಡದಲ್ಲಿ ಎರಡು ಮಾತು ಹೇಳಿ ಅವರನ್ನು ವಾಪಸು ಕಳಿಸಿದ. ಸ್ವಲ್ಪ ಹೊತ್ತಿಗೆ ಅದೇ ಚಹಾ ಥರ್ಮಾಕೋಲ್ ಕಪ್ಪಿನಲ್ಲಿ ಬಂತು. ಮಿಸ್ ವರ್ನೆಲ್ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು "ಥ್ಯಾಂಕ್ ಯು, ಮ್ಯಾಮ್," ಅಂದರು. ಮೇಜಿನ ಮೇಲಿಟ್ಟರು. ಆಮೇಲೆ, ಅವನು ಕೇಳದೆಯೇ, ಆಸ್ಪತ್ರೆಯ ಅಡುಗೆಮನೆಯ ಕಪ್ಪುಗಳ ವಿಷಯ ಹೇಳಿದರು.

"ನರ್ಸುಗಳಿಗೆ ಪಿಂಗಾಣಿ ಕಪ್ಪು. ನಮಗೆ ತಗಡಿನ ಮಗ್ಗು, ಹಿಡಿಯ ಮೇಲೆ ಕೆಂಪು ಬಣ್ಣದ ಚುಕ್ಕೆ. ಅದನ್ನು ಬಾಯ್ಲರಿನ ಹಿಂದೆ ಮೊಳೆಗೆ ತೂಗುಹಾಕಬೇಕಿತ್ತು. ಒಮ್ಮೆ ಬಿಳಿಯರ ಹುಡುಗ ಒಬ್ಬ, ಹೊಸದಾಗಿ ಕೆಲಸಕ್ಕೆ ಸೇರಿದವನು, ಗೊತ್ತಿಲ್ಲದೆ ನನ್ನ ಮಗ್ಗಿನಲ್ಲಿ ಕಾಫಿ ಕುಡಿದ. ಅಡುಗೆಯವಳು ಅವನನ್ನು ಸಿಂಕಿನ ಹತ್ತಿರ ಎಳೆದುಕೊಂಡು ಹೋಗಿ ಬಾಯಿ ತೊಳೆಸಿದಳು, ಸೋಪು ಹಾಕಿ. ನಾನು ಅಲ್ಲೇ ನಿಂತಿದ್ದೆ. ನನಗೆ ಯಾರೂ ಬೈಯಲಿಲ್ಲ. ನಾನು ಅಲ್ಲಿ ಇದ್ದೀನಿ ಅಂತಲೇ ಯಾರಿಗೂ ಅನ್ನಿಸಲಿಲ್ಲ."

ರಘೂತ್ತಮನ ಪೆನ್ನು ಓಡಿತು, ಸಂತೋಷಕ್ಕೆ. ಎಂಥ ವಿವರ! ಯಾವ ವರದಿಯಲ್ಲಿ ಸಿಗುತ್ತದೆ ಇದು! ಅಂಚಿನಲ್ಲಿ ಎರಡು ಗೆರೆ ಎಳೆದ.

ಆಮೇಲೆ ಅವರು 1966ರ ಒಂದು ಮಧ್ಯಾಹ್ನದ ಕತೆ ಹೇಳಿದರು. ಮುದುಕರ ಚಿಕಿತ್ಸೆಗೆ ಸರ್ಕಾರದ ಹೊಸ ಹಣ ಬೇಕಾದರೆ ಆಸ್ಪತ್ರೆಯಲ್ಲಿ ಎರಡು ಬಗೆಯ ವಾರ್ಡು ಇರಕೂಡದು ಅಂತ ಆಯಿತು. ಮರುದಿನ ಸರ್ಕಾರದವರು ತಪಾಸಣೆಗೆ ಬರುವವರಿದ್ದರು. ಹದಿನಾಲ್ಕು ರೋಗಿಗಳನ್ನೂ ಮೂರು ಗಂಟೆಯಲ್ಲಿ ಮೇಲೆ ಸಾಗಿಸಿದರು. ಹದಿನೈದು ವರ್ಷ ಮೆಟ್ಟಿಲು ಹತ್ತಿ ಇಳಿದ ಮಿಸ್ ವರ್ನೆಲ್ ಮೊದಲ ಸಲ ಲಿಫ್ಟಿನಲ್ಲಿ ಹೋದದ್ದು ಅವತ್ತು, ಮಂಚ ತಳ್ಳಿಕೊಂಡು. "ಅಷ್ಟೇ ಸುಲಭ ಇತ್ತು ಅದು," ಅಂದರು. "ಮೂರು ಗಂಟೆಯ ಕೆಲಸ."

ಹೊರಡುವಾಗ ರಘೂತ್ತಮ ಒಪ್ಪಿಗೆಯ ಕಾಗದ ಮುಂದಿಟ್ಟ. ಅವರು ಕನ್ನಡಕ ಹಾಕಿಕೊಂಡು ಓದಿ, ಮಡಿಸಿ, ಕೈಚೀಲದಲ್ಲಿಟ್ಟುಕೊಂಡರು. "ಯೋಚನೆ ಮಾಡುತ್ತೇನೆ." ಚಹಾ ಹಾಗೇ ಉಳಿದಿತ್ತು. ಮುದುಕರಿಗೆ ಮಧ್ಯಾಹ್ನದ ಚಹಾ ಆಗಿಬರುವುದಿಲ್ಲವೇನೋ ಅಂದುಕೊಂಡ.

ಸೋಮವಾರದ ರಜೆ ಕಳೆದು ಮಂಗಳವಾರ ಊಟದ ವೇಳೆಯಲ್ಲಿ, ಖಾಲಿಯಾದ ನೆಲಮಾಳಿಗೆಯಲ್ಲಿ, ಒಂಬತ್ತು ಅಂತ ಬರೆದ ಗೋಡೆಗೆ ಕುರ್ಚಿ ಆನಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟೇಪು ಕೇಳುತ್ತ ಬರೆದುಕೊಳ್ಳತೊಡಗಿದ. ಕಕ್ಕಸು, ಬೆಡ್‌ಶೀಟು, ಡಾಕ್ಟರು. ಒಂದೊಂದು ಮಾತನ್ನೂ ಎರಡು ಸಲ ಹಿಂದೆ ತಿರುಗಿಸಿ ಕೇಳುತ್ತಿದ್ದ. ಹಾಗೆ ಕೇಳುತ್ತಿರುವಾಗ ಟೇಪಿನಲ್ಲಿ ಹೆಜ್ಜೆಯ ಸದ್ದು ಬಂತು. ತಾಯಿಯ ದನಿ. ಆಮೇಲೆ ತನ್ನದು.

"ಚಹಾ ತಂದೀನಿ. ಆಕಿಗೆ ಕೊಡ್ಲ್ಯಾ?"

"ಅವ್ವಾ, ಅದರಾಗ ಬ್ಯಾಡ. ಅದು ನಿನ್ನ ವಾಟಗಾ. ಗ್ಯಾರೇಜಿನ್ಯಾಗ ಬ್ಯಾರೆ ಕಪ್ಪ ಅವಲ್ಲ, ಅದರಾಗ ಹಾಕಿ ಕೊಡು."

"ಇರ್ಲಿ ಬಿಡೋ. ತೊಳಕೊಂಡ್ರಾತು. ನನ್ನ ವಾರಿಗಿಯಾಕಿ, ನನ್ನಷ್ಟ ವಯಸ್ಸಿನಾಕಿ."

"ಬ್ಯಾಡಂದ್ರ ಬ್ಯಾಡ. ಆಮ್ಯಾಲೆ ನೀನ ಕಿರಿಕಿರಿ ಮಾಡ್ತಿ."

ಹೆಜ್ಜೆಗಳು ದೂರವಾದವು. ಮತ್ತೆ ಹತ್ತಿರ ಬಂದವು. "ಥ್ಯಾಂಕ್ ಯು, ಮ್ಯಾಮ್." ಆಮೇಲೆ ಮಿಸ್ ವರ್ನೆಲ್ ಶಾಂತವಾಗಿ ಕೇಳಿದ್ದರು: "ಆಸ್ಪತ್ರೆಯ ಅಡುಗೆಮನೆಯ ಕಪ್ಪುಗಳ ವಿಷಯ ನಿಮಗೆ ಹೇಳಿದೆನಾ?"

ರಘೂತ್ತಮ ಗುಂಡಿ ಒತ್ತಿ ನಿಲ್ಲಿಸಿದ. ಮೊದಲು ಅವನಿಗೆ ಅನ್ನಿಸಿದ್ದು, ಅವರಿಗೆ ಕನ್ನಡ ಬರುವುದಿಲ್ಲವಲ್ಲ ಅಂತ. ಹಾಗೆ ಅನ್ನಿಸಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಅಂಚಿನಲ್ಲಿ ಎಳೆದ ಎರಡು ಗೆರೆ ಕಣ್ಣಿಗೆ ಹೊಡೆಯಿತು. ತಾನು ಅದೃಷ್ಟ ಅಂದುಕೊಂಡದ್ದು ಅದೃಷ್ಟವಲ್ಲ. ಅವರು ಆ ಕತೆಯನ್ನು ಪುಸ್ತಿಕೆಗೆ ಹೇಳಿರಲಿಲ್ಲ, ತನಗೆ ಹೇಳಿದ್ದರು. ಮಾತಾಡುತ್ತ ತನ್ನ ಮುಖ ನೋಡಿದ್ದರು. ಆ ಮುಖ ಏನು ಮಾಡುತ್ತಿತ್ತು? ಬಗ್ಗಿ ಬರೆದುಕೊಳ್ಳುತ್ತಿತ್ತು!

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ತಾಯಿ ಸಾವಿರ ಸಲ ಅಂದದ್ದನ್ನು ಕೇಳಿ ಬೆಳೆದವನು. ಕ್ಯಾರಲ್ ಮುಂದೆ ತಾನು ಎತ್ತಿದ ದನಿ ನೆನಪಾಗಿ, ಯಾರೂ ಇಲ್ಲದ ಆ ಕೋಣೆಯಲ್ಲೂ ತಲೆ ತಗ್ಗಿಸಿದ.

ಒಂದು ವಾರ ಕಳೆಯಿತು. ಕಾಗದ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗ್ಯಾರೇಜಿನ ಕಪ್ಪುಗಳ ಕಟ್ಟನ್ನು ಒಂದು ದಿನ ಕಸದ ಡಬ್ಬಿಗೆ ಹಾಕಿದ. ಮರುದಿನ ಪ್ರಭಾ, "ಹೊಸ ಕಟ್ಟು ಯಾಕ್ರೀ ಎಸೆದ್ರಿ?" ಅಂತ ಎತ್ತಿ ತಂದು ಮೊದಲಿದ್ದಲ್ಲೇ ಇಟ್ಟಳು. "ಇಲಿ ಓಡಾಡಿತ್ತು," ಅಂದ.

ಬುಧವಾರ, ಇನ್ನು ಎರಡೇ ದಿನ ಉಳಿದಿರುವಾಗ, ರಜೆ ಹಾಕಿ ಹ್ಯೂಸ್ಟನ್ನಿಗೆ ಹೊರಟ. ನಾಲ್ಕು ಗಂಟೆಯ ದಾರಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದ. 'ತಪ್ಪು ನನ್ನದು' ಅನ್ನುವ ವಾಕ್ಯದಿಂದ ಶುರು ಮಾಡಬೇಕು. ಇಂಗ್ಲಿಷಿನಲ್ಲಿ ಅದನ್ನು ಹತ್ತು ಬಗೆಯಲ್ಲಿ ತಿರುಗಿಸಿ ನೋಡಿದ. ಹಂಟ್ಸ್‌ವಿಲ್ ದಾಟುವಷ್ಟರಲ್ಲಿ ವಾಕ್ಯ ಸರಿಯಾಗಿತ್ತು.

ಮಿಸ್ ವರ್ನೆಲ್ ಬಾಗಿಲು ತೆರೆದರು. ಬೈಯಲಿಲ್ಲ, ಮುಖ ಕಿವುಚಲಿಲ್ಲ. "ಅಷ್ಟು ದೂರದಿಂದ ಬಂದಿರಾ!" ಅಂದು ಕೂರಿಸಿ, ತಮ್ಮ ಮನೆಯ ಒಳ್ಳೆಯ ಕಪ್ಪು ಬಸಿಯಲ್ಲಿ ಕಾಫಿ ತಂದುಕೊಟ್ಟರು. ಜೊತೆಗೆ ಒಂದು ತುಂಡು ಕೇಕು. ಆ ಕಪ್ಪು ಕೈಗೆ ಬಂದದ್ದೇ ಬಾಯಿಪಾಠ ಮಾಡಿದ ವಾಕ್ಯ ಎಲ್ಲಿ ಹೋಯಿತೋ.

"ಮಿಸ್ ವರ್ನೆಲ್," ಅಂದ, "ಅವತ್ತು ನಮ್ಮ ಮನೆಯಲ್ಲಿ... ಆ ಕಪ್ಪು... ನಮ್ಮ ತಾಯಿ ತುಂಬಾ ಹಳೇ ಕಾಲದವರು. ಅವರ ಪದ್ಧತಿ, ಅವರ ಧರ್ಮ... ತಮ್ಮ ಪಾತ್ರೆ ಬೇರೆಯವರಿಗೆ ಕೊಡುವುದಿಲ್ಲ. ಅವರಿಗೆ ತಿಳಿಯುವುದಿಲ್ಲ. ನಾನು ಎಷ್ಟು ಹೇಳಿದರೂ... ದಯವಿಟ್ಟು ಅವರನ್ನು ಕ್ಷಮಿಸಿಬಿಡಿ."

ಒಂದೊಂದು ಮಾತೂ ಬಾಯಿಂದ ಬೀಳುವಾಗ ಅವನಿಗೆ ಅದು ಕೇಳಿಸುತ್ತಿತ್ತು. ನಿಲ್ಲಿಸಲು ಆಗಲಿಲ್ಲ. ಎಂಟು ಸಾವಿರ ಮೈಲಿ ದೂರದಿಂದ ತಂದು ಮನೆಯಲ್ಲಿಟ್ಟುಕೊಂಡ ತಾಯಿಯನ್ನು ಗುರಾಣಿಯ ಹಾಗೆ ಎದೆಗೆ ಅಡ್ಡ ಹಿಡಿದಿದ್ದ.

ಮಿಸ್ ವರ್ನೆಲ್ ಅವನನ್ನು ನೋಡಿದರು. "ನಿಮ್ಮ ತಾಯಿ," ಅಂದರು. ಅದು ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.

"ಹೌದು, ನಮ್ಮ ತಾಯಿ."

ಅವರು ಎದ್ದು ಕೈಚೀಲ ತಂದು, ಮಡಿಸಿದ ಕಾಗದ ತೆಗೆದು, ಮೇಜಿನ ಮೇಲೆ ಸವರಿ, ಗಂಟು ಕಟ್ಟಿದ ಬೆರಳುಗಳಿಂದ ನಿಧಾನವಾಗಿ ಸಹಿ ಹಾಕಿದರು. "ಕಪ್ಪಿನ ಕತೆ ಬಿಡಬೇಡಿ. ಹೇಳಿದ ಹಾಗೇ ಹಾಕಿ."

ವಾಪಸು ಬರುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ ಅರ್ಧ ಗಂಟೆ ಹಾಗೇ ಕೂತ. ಬೇಕಾದ್ದು ಸಿಕ್ಕಿತ್ತು. ಸಹಿ ಮಾಡಿದ ಕಾಗದ ಪಕ್ಕದ ಸೀಟಿನಲ್ಲಿತ್ತು. ಅದನ್ನು ನೋಡಲಾಗದೆ ಮೇಲೆ ನಕ್ಷೆ ಹೊದಿಸಿದ. ಮನೆ ತಲುಪಿದಾಗ ಸೀತಾಬಾಯಿ ಬಾಗಿಲಲ್ಲೇ ನಿಂತಿದ್ದರು. "ಹೋದ ಕೆಲಸ ಆತೇನೋ? ಆಕಿ ಆರಾಮ ಇದ್ದಾಳಿಲ್ಲೋ?" ಅಂದರು. "ಆತು," ಅಂದು ನೇರ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ.

ಪುಸ್ತಿಕೆ ಬಂತು. ಹದಿನೇಳನೇ ಪುಟದಲ್ಲಿ ನೆಲಮಾಳಿಗೆಯ ವಾರ್ಡು, ಗೋಡೆಯ ಅಂಕಿಗಳ ಫೋಟೋ, ಮಿಸ್ ವರ್ನೆಲ್ ಹೇಳಿದ್ದು. ಎಲ್ಲರೂ ಅದನ್ನೇ ಮೆಚ್ಚಿದರು. ಮೊದಲು ಬೇಡವೆಂದ ಕ್ಯಾರಲ್ಲೇ "ಇದು ಈ ಪುಸ್ತಿಕೆಯ ಜೀವ" ಅಂತ ಹೇಳಿಕೊಂಡು ಓಡಾಡಿದಳು. ಹೊಗಳಿಕೆ ಬಂದಷ್ಟೂ ರಘೂತ್ತಮ ಕುಗ್ಗಿದ. ಪ್ರಭಾ ಹತ್ತು ಪ್ರತಿ ತಂದು ಕಾಪೆಲ್‌ನ ಕನ್ನಡದವರಿಗೆಲ್ಲ ಹಂಚಿದಳು. "ನೋಡಿ, ಪೇಪರ್ ಸ್ಪೆಷಲಿಸ್ಟ್ ಏನ್ ಮಾಡಿದಾರೆ," ಅಂದಳು. ಅವನು ಬೇಡವೆಂದರೂ ಕೇಳಲಿಲ್ಲ. ವಿನಯ ಅಂದುಕೊಂಡಳು.

ಅಕ್ಟೋಬರ್ ಹದಿನೆಂಟರ ಶನಿವಾರ ಬೆಳಿಗ್ಗೆ ಹೊಸ ಕಟ್ಟಡದ ಉದ್ಘಾಟನೆ. ಹುಲ್ಲಿನ ಮೇಲೆ ಬಿಳೀ ಶಾಮಿಯಾನ, ಸಾಲು ಸಾಲು ಮಡಚುವ ಕುರ್ಚಿ. ಅವನು ಬೇಡವೆಂದರೂ ಪ್ರಭಾ ಅತ್ತೆಯನ್ನೂ ಇಂಚರಾಳನ್ನೂ ಕರೆತಂದಿದ್ದಳು. ಸೀತಾಬಾಯಿ ಕಾಯಿಬಣ್ಣದ ಸೀರೆ ಉಟ್ಟು, ಮೇಲೆ ಸೊಸೆಯ ಸ್ವೆಟರು ತೊಟ್ಟು, ಕಟ್ಟಡದ ಮಹಡಿಗಳನ್ನು ಬೆರಳಿನಲ್ಲಿ ಎಣಿಸುತ್ತ ಕೂತಿದ್ದರು. ರಿಬ್ಬನ್ ಕತ್ತರಿಸಿದ್ದಾಯಿತು, ಭಾಷಣಗಳಾದವು. ಪ್ರಭಾ ಕಾಫಿ ತರಲು ಹೋದಳು. ಜನ ಎದ್ದು ಓಡಾಡುತ್ತಿರುವಾಗ ನೇರಳೆ ಟೋಪಿಯೊಂದು ಗುಂಪಿನ ನಡುವೆ ಅವರತ್ತಲೇ ಬರುವುದನ್ನು ರಘೂತ್ತಮ ನೋಡಿದ. ಎಲ್ಲಾದರೂ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

ಮಿಸ್ ವರ್ನೆಲ್ ಸೀತಾಬಾಯಿಯವರ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ರಘೂತ್ತಮನತ್ತ ನೋಡಿದರು.

"ಹ್ಯೂಸ್ಟನ್ನಿನಲ್ಲಿ ನನಗೆ ಹೇಳಿದ್ದನ್ನು ಈಗ ನಿಮ್ಮ ತಾಯಿಗೂ ಹೇಳಿ. ಅವರ ಎದುರಿಗೆ. ನಾನು ಕೇಳುತ್ತೇನೆ."

"ಏನಂತಾಳೋ ಆಕಿ?" ಅಂದರು ಸೀತಾಬಾಯಿ.

ರಘೂತ್ತಮ ಕಾಲಕೆಳಗಿನ ಹುಲ್ಲು ನೋಡಿದ. "ಅವತ್ತ ನೀ ಕೊಟ್ಟ ಚಹಾ ಭಾಳ ಚಲೋ ಇತ್ತಂತ," ಅಂದ.

ಹಿಂದೆ ನಿಂತಿದ್ದ ಇಂಚರಾ ಥಟ್ಟನೆ ತಿರುಗಿದಳು. ಕನ್ನಡ ಮಾತಾಡಲು ತಡವರಿಸಿದರೂ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. "ಡ್ಯಾಡ್! ದಟ್ಸ್ ನಾಟ್ ವಾಟ್ ಶಿ ಸೆಡ್."

"ಚಲೋ ಎಲ್ಲಿ ಬಂತು?" ಅಂದರು ಸೀತಾಬಾಯಿ, ಮಿಸ್ ವರ್ನೆಲ್ ಕಡೆಗೇ ತಿರುಗಿ, ಅವರಿಗೆ ತಿಳಿಯುತ್ತದೆ ಅನ್ನುವ ಹಾಗೆ. "ಒಂದ ಗುಟುಕೂ ಕುಡೀಲಿಲ್ಲ ಆಕಿ. ಆ ಥರ್ಮಾಕೋಲ್ ಕಪ್ಪಿನ್ಯಾಗ ಚಹಾಕ್ಕ ಏನ ರುಚಿ ಬರ್ತದ? ನಾ ನನ್ನ ವಾಟಗಾದಾಗ ತಂದಿದ್ದೆ. ಇಂವಾ ಬ್ಯಾಡಂದ. ನನಗೂ ಮನಸ್ಸಿಗೆ ಹತ್ತೇತಿ ಅದು, ಅವತ್ತಿನಿಂದ. ಹೇಳೋ ರಘ್ಯಾ ಆಕಿಗೆ. ನಾ ಅಂದದ್ದು ಅಂದಾಂಗ ಹೇಳು."

ಇಂಚರಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಿಸ್ ವರ್ನೆಲ್ ಕಾಯುತ್ತಿದ್ದರು. ರಘೂತ್ತಮ ಇಂಗ್ಲಿಷಿನಲ್ಲಿ ಹೇಳಿದ. ದನಿ ಎಷ್ಟು ಸಣ್ಣಗಿತ್ತೆಂದರೆ ಒಂದು ವಾಕ್ಯವನ್ನು ಎರಡು ಸಲ ಹೇಳಬೇಕಾಯಿತು. "ನಮ್ಮ ತಾಯಿ ತಮ್ಮ ಲೋಟದಲ್ಲೇ ತಂದಿದ್ದರು. ಬೇಡವೆಂದು ವಾಪಸು ಕಳಿಸಿದ್ದು ನಾನು. ಹ್ಯೂಸ್ಟನ್ನಿನಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ."

"ಗೊತ್ತು," ಅಂದರು ಮಿಸ್ ವರ್ನೆಲ್. "ಲೋಟ ಬಾಗಿಲಿಗೆ ಬಂದದ್ದನ್ನೂ ನೋಡಿದೆ, ತಿರುಗಿ ಹೋದದ್ದನ್ನೂ ನೋಡಿದೆ. ನಲವತ್ತಮೂರು ವರ್ಷ ನನ್ನ ತಲೆಯ ಮೇಲಿಂದಲೇ ಜನ ಮಾತಾಡಿಕೊಂಡಿದ್ದಾರೆ. ಬೇಡ ಅಂದವರು ಯಾರು ಅಂತ ತಿಳಿಯೋಕೆ ನನಗೆ ಭಾಷೆ ಬೇಕಿಲ್ಲ."

"ಮತ್ತೆ... ಸಹಿ ಯಾಕೆ ಹಾಕಿದಿರಿ?"

"ಆ ಹದಿನಾಲ್ಕು ಮಂಚದವರಿಗೋಸ್ಕರ. ನಿಮಗೋಸ್ಕರ ಅಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ ಇತ್ತು. ಸೀತಾಬಾಯಿಯವರ ಕೈಯನ್ನು ಅವರು ಬಿಟ್ಟಿರಲಿಲ್ಲ. ಸೀತಾಬಾಯಿ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದರು.

"ಅಲ್ಲೋ, ಇಷ್ಟುದ್ದ ಏನ ಮಾತಾಡಿದ್ರಿ? ಸುಳ್ಳ ಹೇಳಬ್ಯಾಡ ನೋಡು. ಈ ಹುಡಿಗಿ ಮಾರಿ ಕಪ್ಪಿಟ್ಟೈತಿ."

ರಘೂತ್ತಮ ಮುಂದಿನ ಸಾಲಿನ ಕುರ್ಚಿಯೊಂದನ್ನು ತಿರುಗಿಸಿ ಇಬ್ಬರು ಮುದುಕಿಯರ ಎದುರಿಗೆ ಕೂತ. ಇಂಚರಾ ಹೋಗಲಿ ಅಂತ ಒಂದು ಕ್ಷಣ ಕಾದ. ಅವಳು ಹೋಗಲಿಲ್ಲ.

"ಅವ್ವಾ," ಅಂದ, "ನಾ ಹ್ಯೂಸ್ಟನ್ನಿಗೆ ಹೋದಾಗ ಈಕಿ ಮುಂದ ನಿನ್ನ ಹೆಸರ ಹೇಳಿದೆ."

"ನನ್ನ ಹೆಸರಾ? ಎದಕ್ಕ?"

ಹ್ಯೂಸ್ಟನ್ನಿನ ದಾರಿಯಲ್ಲಿ ಬಾಯಿಪಾಠ ಮಾಡಿದ್ದ ವಾಕ್ಯದಿಂದಲೇ ರಘೂತ್ತಮ ಶುರು ಮಾಡಿದ: "ತಪ್ಪ ನಂದು, ಅದನ್ನ ನಿನ್ನ ಮ್ಯಾಲ ಹಾಕಿದೆ, ಅವ್ವಾ."